ಆಳುವವರ ಕಲಿಕೆ

ನಾಯಕತ್ವ ಹುಟ್ಟಿನಿಂದ ಬರುತ್ತದೆಯೋ ಕಲಿಕೆಯಿಂದ ಬರುತ್ತದೆಯೋ ಎಂಬ ಚರ್ಚೆ ಬಹುಮಟ್ಟಿಗೆ ಗಾಳಿಯಲ್ಲಿಯೇ ನಡೆಯುತ್ತದೆ. ಒಂದು ರಾಜ್ಯ ಬುದ್ಧಿಪೂರ್ವಕವಾಗಿ, ಪಠ್ಯಕ್ರಮವನ್ನು ಗೊತ್ತುಮಾಡಿಕೊಂಡು, ಉಪಾಧ್ಯಾಯರನ್ನು ನೇಮಿಸಿ ತನ್ನನ್ನು ಆಳುವವನನ್ನು ತಯಾರು ಮಾಡಲು ಹೊರಟ ನಿದರ್ಶನವೊಂದನ್ನು ಎದುರಿಗಿಟ್ಟುಕೊಂಡರೆ ಅದಕ್ಕೆ ನೆಲೆ ದೊರೆಯುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ ಮೈಸೂರು ಸಂಸ್ಥಾನ ಅಂಥ ನಿದರ್ಶನ. 1831ರಲ್ಲಿ ಬ್ರಿಟಿಷರು ತಮ್ಮ ಕೈಗೆ ತೆಗೆದುಕೊಂಡಿದ್ದ ಆಡಳಿತ 1881ರಲ್ಲಿ ಒಡೆಯರ ಮನೆತನಕ್ಕೆ ಮರಳಿತು. ಇತಿಹಾಸಕಾರರು ‘ರೆಂಡಿಷನ್’ ಎಂದು ಕರೆಯುವ ಈ ಪುನರರ್ಪಣೆ ಷರತ್ತುಗಳೊಡನೆ ಬಂದದ್ದು, ಮತ್ತು ಅರಸ ಅಸಮರ್ಥನೆನಿಸಿದರೆ ರಾಜ್ಯ ಮತ್ತೆ ಕೈತಪ್ಪಬಹುದೆಂಬ ಭಯಕ್ಕೆ ಹಿಂದಿನ ಐವತ್ತು ವರ್ಷಗಳ ಅನುಭವವೇ ಆಧಾರವಾಗಿತ್ತಾದ್ದರಿಂದ, ರಾಜಕುಮಾರನ ವಿದ್ಯಾಭ್ಯಾಸ ಅರಮನೆಯ ಒಳಗಿನ ವಿಷಯವಾಗಿ ಉಳಿಯದೆ ಇಡೀ ಸಂಸ್ಥಾನದ ಭವಿಷ್ಯದ ಪ್ರಶ್ನೆಯಾಯಿತು.

1894ರ ಡಿಸೆಂಬರಿನಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಅಕಾಲದಲ್ಲಿ ತೀರಿಕೊಂಡಾಗ ಹಿರಿಯ ಮಗ ಕೃಷ್ಣರಾಜರಿಗೆ ಹತ್ತು ವರ್ಷ. ಬೊಂಬಾಯಿ ಪ್ರಾಂತದ ಸಿವಿಲ್ ಸರ್ವಿಸ್‌ಗೆ ಸೇರಿದ ಸ್ಟುವರ್ಟ್ ಫ್ರೇಜರ್ 1896ರಲ್ಲಿ ಅವರ ಶಿಕ್ಷಣದ ಹೊಣೆಯನ್ನು ವಹಿಸಿಕೊಂಡರು. ಮೈಸೂರಿನ ಲೋಕರಂಜನ ಮಹಲಿನಲ್ಲಿ ನಡೆಯುತ್ತಿದ್ದ ರಾಯಲ್ ಸ್ಕೂಲಿನಲ್ಲಿ ಭಾಷೆ ಮತ್ತು ವಿಜ್ಞಾನದ ಜೊತೆಗೆ ನ್ಯಾಯಶಾಸ್ತ್ರದ ಮೂಲತತ್ತ್ವಗಳೂ ಕಂದಾಯ ಆಡಳಿತದ ಕ್ರಮಗಳೂ ಪಾಠದ ವಿಷಯಗಳಾಗಿದ್ದವು. ಪಾಠದ ಕೊರತೆಯನ್ನು ತುಂಬಲು ಸಂಸ್ಥಾನದ ಉದ್ದಗಲಕ್ಕೂ ಪ್ರವಾಸಗಳಿದ್ದವು. ಆ ಶಾಲೆಯಲ್ಲಿ ರಾಜಕುಮಾರ ಒಬ್ಬನೇ ವಿದ್ಯಾರ್ಥಿಯಾಗಿರಲಿಲ್ಲ ಎಂಬುದು ಇವೆಲ್ಲಕ್ಕಿಂತ ಮುಖ್ಯ. ಆಯ್ದ ಕೆಲವು ಹುಡುಗರು ಅದೇ ಪಾಠಗಳನ್ನು ಒಟ್ಟಿಗೆ ಕಲಿತರು, ಅವರಲ್ಲಿ ಒಬ್ಬರು ಮುಂದೆ 1926ರಿಂದ 1941ರವರೆಗೆ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್. ಒಬ್ಬ ಅರಸನಿಗಾಗಿ ಹೂಡಿದ ಪಾಠದಿಂದ ಸಂಸ್ಥಾನಕ್ಕೆ ಒಬ್ಬ ದಿವಾನನೂ ದೊರೆತನೆಂಬುದು, ತರಬೇತಿಯಿಂದ ಏನೂ ಆಗದೆಂದು ವಾದಿಸುವವರು ಉತ್ತರಿಸಬೇಕಾದ ಸಂಗತಿ.

ಅದೇ ಕಾಲದ ಬೇರೆ ಪ್ರಯತ್ನಗಳು ಇಷ್ಟು ಫಲ ಕೊಡಲಿಲ್ಲ. ದೇಶೀಯ ಸಂಸ್ಥಾನಗಳ ಕುಮಾರರಿಗೆಂದೇ 1870ರ ದಶಕದಲ್ಲಿ ರಾಜಕೋಟೆಯ ರಾಜಕುಮಾರ ಕಾಲೇಜು, ಅಜ್ಮೀರದ ಮೇಯೋ ಕಾಲೇಜುಗಳು ನೆಲೆಗೊಂಡವು. ಅಲ್ಲಿ ಕಲಿತವರಲ್ಲಿ ಇಂಗ್ಲಿಷನ್ನು ಚೆನ್ನಾಗಿ ಆಡಬಲ್ಲವರು, ಕುದುರೆ ಸವಾರಿಯಲ್ಲಿ ನಿಪುಣರಾದವರು, ರಣಜಿತ್‌ಸಿಂಗ್‌ಜಿಯವರಂತೆ ಕ್ರಿಕೆಟ್ ಆಟದಲ್ಲಿ ಜಗತ್ತಿಗೇ ಹೆಸರಾದವರು ಇದ್ದಾರೆ. ಆದರೆ ರಾಜಕುಮಾರರು ರಾಜಕುಮಾರರ ನಡುವೆಯೇ ಬೆಳೆಯುವ ಶಾಲೆಯಲ್ಲಿ, ಮುಂದೆ ಯಾರನ್ನು ಆಳಬೇಕೋ ಆ ರೈತನ ಮುಖ ಕಾಣಿಸುವುದು ಕಷ್ಟ.

ಮೈಸೂರಿನ ಅರಮನೆಯಲ್ಲಿ ಆ ವರ್ಷಗಳಲ್ಲಿ ಇನ್ನೊಬ್ಬರೂ ಆಳುವುದನ್ನು ಕಲಿಯುತ್ತಿದ್ದರು. ಅವರಿಗೆ ಪಠ್ಯಕ್ರಮವಿರಲಿಲ್ಲ, ಫ್ರೇಜರ್‌ರಂಥ ಉಪಾಧ್ಯಾಯರೂ ಇರಲಿಲ್ಲ. ಗಂಡನನ್ನು ಕಳೆದುಕೊಂಡಾಗ ಇನ್ನೂ ಮೂವತ್ತು ತುಂಬದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು, ಅಂದರೆ ವಾಣೀವಿಲಾಸ ಸನ್ನಿಧಾನದವರು, 1895ರಿಂದ 1902ರವರೆಗೆ ರೀಜೆಂಟರಾಗಿ, ಎಂದರೆ ಮಗ ಪ್ರಾಪ್ತವಯಸ್ಕನಾಗುವವರೆಗೆ ಅವನ ಪರವಾಗಿ ರಾಜ್ಯಭಾರ ನಡೆಸುವ ಅಧಿಕಾರಿಣಿಯಾಗಿ, ಸಂಸ್ಥಾನವನ್ನು ನಡೆಸಿದರು. ಆ ಏಳು ವರ್ಷಗಳು ಸುಲಭದವಲ್ಲ: 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು, 1898ರಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕು ಜನ ಊರು ಬಿಟ್ಟು ಓಡುವಂತಾಯಿತು, ಶಿವನಸಮುದ್ರದಲ್ಲಿ ವಿದ್ಯುತ್ತನ್ನು ಉತ್ಪಾದಿಸಿ ಅಷ್ಟು ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯ ಮೂಲಕ ಕಳಿಸುವ, ಹಣ ಮುಳುಗಿದರೆ ಸಂಸ್ಥಾನವೇ ನಗೆಪಾಟಲಾಗುವ ಸಾಹಸಕ್ಕೆ ಒಪ್ಪಿಗೆ ಕೊಡುವ ಹೊತ್ತೂ ಬಂತು. ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ಆಡಳಿತ ಮಂಡಲಿಯವರು ಮುಂದಿಟ್ಟ ವಿಷಯಗಳ ಮೇಲೆ ತೀರ್ಮಾನ ಕೊಡುತ್ತ ಕೊಡುತ್ತ ಅವರು ಆ ವಿದ್ಯೆಯನ್ನು ಗಳಿಸಿಕೊಂಡರು. 1902ರಲ್ಲಿ ಮಗನಿಗೆ ಒಪ್ಪಿಸಿದ ರಾಜ್ಯ ತಾವು ಪಡೆದದ್ದಕ್ಕಿಂತ ಕುಂದಿರಲಿಲ್ಲ. ತಾಯಿ ಮಗ ಇಬ್ಬರನ್ನೂ ಒಟ್ಟಿಗೆ ನೋಡಿದಾಗ ತರಗತಿಯ ಸ್ಥಾನ ಯಾವುದೆಂಬುದು ಸ್ಪಷ್ಟವಾಗುತ್ತದೆ. ಕಂದಾಯ, ಕಾನೂನು, ಲೆಕ್ಕಪತ್ರ, ಇವು ಹೇಳಿಕೊಟ್ಟರೆ ಬೇಗ ಬರುತ್ತವೆ, ಹೇಳಿಕೊಡದಿದ್ದರೆ ತಡವಾಗಿ ಬರುತ್ತವೆ. ಪ್ಲೇಗಿನ ಊರಿಗೆ ಯಾವ ಆಜ್ಞೆ ಹೊರಡಿಸಬೇಕು, ಯಾರ ಮಾತನ್ನು ಎಷ್ಟು ನಂಬಬೇಕು ಎಂಬ ವಿವೇಚನೆ ಮಾತ್ರ ತೀರ್ಮಾನದ ಭಾರ ಹೆಗಲ ಮೇಲೆ ಬಿದ್ದವರಿಗೆ, ಅದೂ ಪಕ್ಕದಲ್ಲಿ ತಿಳಿದವರಿದ್ದರೆ, ಒದಗುತ್ತದೆ.

ಹಾಗೆ ಪಕ್ಕದಲ್ಲಿದ್ದು ಕಲಿಯುವ ಪರಂಪರೆ ಮೈಸೂರಿನ ದಿವಾನಗಿರಿಯಲ್ಲಿಯೇ ಇತ್ತು. ಶೇಷಾದ್ರಿ ಅಯ್ಯರ್ ಅವರನ್ನು 1868ರಲ್ಲಿ ಮೈಸೂರಿನ ಸೇವೆಗೆ ಕರೆತಂದವರು ಮುಂದೆ ಪುನರರ್ಪಣೆಯ ನಂತರದ ಮೊದಲ ದಿವಾನರಾದ ರಂಗಾಚಾರ್ಲು. 1883ರಲ್ಲಿ ರಂಗಾಚಾರ್ಲು ತೀರಿಕೊಂಡಾಗ ಆ ಸ್ಥಾನಕ್ಕೆ ಬಂದ ಶಿಷ್ಯ ಸುಮಾರು ಹದಿನೆಂಟು ವರ್ಷ ಅದನ್ನು ನಿರ್ವಹಿಸಿದರು. ವಿಶ್ವೇಶ್ವರಯ್ಯನವರು ಕಲಿತದ್ದು ಬೇರೆ ಊರಿನಲ್ಲಿ. ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, ಬೊಂಬಾಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ದುಡಿದ ಕಾಲದಲ್ಲಿ ಅವರಿಗೆ ರಾನಡೆ ಮತ್ತು ಗೋಖಲೆಯವರ ಒಡನಾಟ ದೊರೆಯಿತು, 1898ರಲ್ಲಿ ಜಪಾನನ್ನು ಕಂಡು ಬಂದರು. 1909ರಲ್ಲಿ ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಬಂದವರ ಆಸ್ಥೆ ಅಣೆಕಟ್ಟೆಗೆ ನಿಲ್ಲದೆ, 1911ರಲ್ಲಿ ಹುಟ್ಟಿದ ಸಂಪದಭ್ಯುದಯ ಸಮಾಜಕ್ಕೂ, ದಿವಾನರಾದ ಮೇಲೆ ಬ್ಯಾಂಕಿಗೂ ವಿಶ್ವವಿದ್ಯಾನಿಲಯಕ್ಕೂ ಹಬ್ಬಿದ್ದು ಆ ಒಡನಾಟವನ್ನೂ ಪ್ರವಾಸವನ್ನೂ ಬಿಟ್ಟು ಅರ್ಥವಾಗುವಂಥದಲ್ಲ.

ಗೋಖಲೆಯವರ ಹೆಸರು ಬಂದಮೇಲೆ ಅವರ ಪ್ರಯೋಗವನ್ನು ನೆನೆಯದೆ ಮುಂದೆ ಹೋಗಲಾಗದು. ರಾನಡೆಯವರನ್ನು ಗುರುವೆಂದು ತಿಳಿದಿದ್ದ ಅವರು 1905ರಲ್ಲಿ ಪುಣೆಯಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದರು. ದೇಶಸೇವೆಗೆ ಜೀವನವನ್ನು ಮುಡಿಪಿಡುವವರು ಐದು ವರ್ಷ ಅಧ್ಯಯನದಲ್ಲಿಯೂ ಪ್ರವಾಸದಲ್ಲಿಯೂ ತರಬೇತಿ ಪಡೆಯಬೇಕೆಂಬುದು ಅದರ ನಿಯಮ. ಆ ಸಮಾಜ ಯೋಗ್ಯರಾದ ಅನೇಕರನ್ನು ಕೊಟ್ಟಿತು. ಆದರೂ ಗೋಖಲೆಯವರಿಂದ ಅತ್ಯಂತ ಹೆಚ್ಚು ಕಲಿತವರು ಆ ಸಮಾಜದ ಸದಸ್ಯತ್ವವನ್ನೇ ಪಡೆಯದೆ ಹೋದ ಗಾಂಧೀಜಿ. 1915ರ ಜನವರಿಯಲ್ಲಿ ದಕ್ಷಿಣ ಆಫ್ರಿಕದಿಂದ ಹಿಂದಿರುಗಿದ ಅವರಿಗೆ ಗೋಖಲೆಯವರು ಕೊಟ್ಟ ಸಲಹೆ ಒಂದು ವರ್ಷ ರಾಜಕೀಯ ವಿಷಯಗಳ ಬಗ್ಗೆ ಮಾತನಾಡದೆ ದೇಶವನ್ನು ಸುತ್ತಿ ನೋಡಬೇಕೆಂಬುದು. ಮುಂದಿನ ತಿಂಗಳೇ ಗುರು ತೀರಿಕೊಂಡರೂ ಶಿಷ್ಯ ಆ ಮಾತನ್ನು ಉಳಿಸಿಕೊಂಡರು. ಶಾಸನಸಭೆಯಲ್ಲಿ ಅಂಕಿ ಅಂಶಗಳಿಂದ ವಾದಿಸುವ ಗೋಖಲೆಯವರ ಮಾರ್ಗವನ್ನು ಗಾಂಧೀಜಿ ಹಿಡಿಯಲಿಲ್ಲ. ತೆಗೆದುಕೊಂಡದ್ದು ಮಾತಿಗೆ ಮೊದಲು ನೋಡುವ ಶಿಸ್ತನ್ನು. ಗುರುವಿನ ರೀತಿಯನ್ನು ಬಿಟ್ಟು ಗುರುವಿನ ಶಿಸ್ತನ್ನು ಉಳಿಸಿಕೊಳ್ಳುವುದು ಅನುಕರಣೆಗಿಂತ ಎಷ್ಟೋ ಕಷ್ಟದ ಕಲಿಕೆ.

ಮೇಲಿನವರಿಂದ, ಸಮಾನರಿಂದ ಕಲಿಯುವುದರ ಬಗ್ಗೆ ಹೇಳುವವರು ಬಹಳ. ಕೆಳಗಿನವರಿಂದ ಕಲಿಯುವುದರ ಬಗ್ಗೆ ಹೇಳುವವರು ಕಡಿಮೆ, ಆದರೆ ಮೈಸೂರಿನ ಅನುಭವದ ಸಾರವಿರುವುದು ಅಲ್ಲಿಯೇ. ರಂಗಾಚಾರ್ಲು 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕರೆದಾಗ 144 ಮಂದಿ ರೈತರೂ ವರ್ತಕರೂ ಸೇರಿದರು. ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ, ಮೊದಲ ಹತ್ತು ವರ್ಷ ಚುನಾವಣೆಯೂ ಇರಲಿಲ್ಲ. ಆದರೂ ದಸರೆಯ ಸಮಯದಲ್ಲಿ ಸಂಸ್ಥಾನದ ಮುಖ್ಯಾಧಿಕಾರಿ ವರ್ಷದ ಆಡಳಿತದ ವರದಿಯನ್ನು ಓದಿ ಹೇಳಬೇಕಾಗಿತ್ತು, ಅನಂತರ ತಾಲ್ಲೂಕಿನಿಂದ ಬಂದವನು ಎದ್ದು ತನ್ನೂರಿನ ಕೆರೆಯ ಏರಿ, ರಸ್ತೆ, ಕಂದಾಯದ ಕಂತುಗಳ ಬಗ್ಗೆ ಆಡುವ ಮಾತನ್ನು ಕೂತು ಕೇಳಬೇಕಾಗಿತ್ತು. ಒಪ್ಪಲಿ ಬಿಡಲಿ, ಕೇಳಲೇಬೇಕಾದ ಈ ಕಟ್ಟಳೆಯೇ ಒಂದು ಶಾಲೆ.

1891ರಲ್ಲಿ ಆರಂಭವಾದ ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆಯನ್ನು ಮುಗಿಸಿ ಬಂದ ತರುಣ ಅಧಿಕಾರಿಗೂ ಇಂಥದೇ ಶಾಲೆ ಜಮಾಬಂದಿಯಲ್ಲಿ ಎದುರಾಗುತ್ತಿತ್ತು. ಜಮಾಬಂದಿ ಎಂದರೆ ಗ್ರಾಮದ ವರ್ಷದ ಕಂದಾಯದ ಲೆಕ್ಕವನ್ನು ತಪಾಸಣೆ ಮಾಡಿ ಇತ್ಯರ್ಥಗೊಳಿಸುವ ಕೆಲಸ. ಮೊಕ್ಕಾಂ ಹಾಕಿದ ಊರಿನಲ್ಲಿ ಶಾನುಭೋಗ ಖಾತೆ, ಖಿರ್ದಿ, ಪಹಣಿಗಳ ಕಟ್ಟುಗಳನ್ನು ಬಿಚ್ಚಿ ಮುಂದಿಡುತ್ತಾನೆ. ಹೊರಗೆ ಪಟೇಲನೂ ರೈತರೂ ಕಾಯುತ್ತಿರುತ್ತಾರೆ. ಪದವೀಧರನಾದ ಅಧಿಕಾರಿಗೆ ಕಾಗದದ ಮೇಲೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಪಹಣಿಯಲ್ಲಿ ತರಿ ಎಂದು ಬರೆದ ಜಮೀನಿಗೆ ಮೂರು ವರ್ಷದಿಂದ ತೂಬಿನ ನೀರು ಹರಿದಿಲ್ಲವೆಂಬುದನ್ನು ಹೇಳುವವನು ಹೊರಗೆ ನಿಂತ ರೈತ, ಅವನನ್ನು ಒಳಗೆ ಕರೆಯುವ ವ್ಯವಧಾನ ಅಧಿಕಾರಿಗೆ ಇದ್ದರೆ. ಈ ಪರೀಕ್ಷೆಯ ಮೂಲಕ ಸೇವೆಗೆ ಬಂದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಕಥೆಗಳಲ್ಲಿ ಹಳ್ಳಿಯವರ ಮಾತಿಗೆ ದೊರೆತ ಗೌರವ, ಅಂಥ ವ್ಯವಧಾನವಿದ್ದ ಅಧಿಕಾರಿಗಳೂ ಇದ್ದರೆಂಬುದಕ್ಕೆ ಸಾಕ್ಷಿಯಾಗಬಲ್ಲದು.

ಈ ವ್ಯವಸ್ಥೆಯ ದೊಡ್ಡ ಕೊರತೆಯನ್ನು ಮುಚ್ಚಿಡುವುದು ನ್ಯಾಯವಲ್ಲ. ಇಂಗ್ಲಿಷ್ ಓದಿಕೊಂಡವರಿಗೆ ಮಾತ್ರ ತೆರೆದುಕೊಳ್ಳುತ್ತಿದ್ದ ಪರೀಕ್ಷೆಯ ಬಾಗಿಲಿನಲ್ಲಿ ಬ್ರಾಹ್ಮಣರೇ ಬಹುಮಟ್ಟಿಗೆ ಒಳಬರುತ್ತಿದ್ದರು. 1917ರಲ್ಲಿ ರೂಪುಗೊಂಡ ಪ್ರಜಾಮಿತ್ರ ಮಂಡಳಿ ಉಳಿದ ಸಮುದಾಯಗಳ ಪರವಾಗಿ ಈ ಪ್ರಶ್ನೆಯನ್ನು ಮಹಾರಾಜರ ಮುಂದಿಟ್ಟಿತು, 1918ರಲ್ಲಿ ಅದನ್ನು ಪರಿಶೀಲಿಸಲು ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ಯೋಗ್ಯತೆಯೊಂದೇ ನೇಮಕದ ಅಳತೆಯಾಗಬೇಕೆಂದು ದೃಢವಾಗಿ ನಂಬಿದ್ದ ವಿಶ್ವೇಶ್ವರಯ್ಯನವರು ಆ ವರ್ಷದ ಕೊನೆಗೆ ದಿವಾನಗಿರಿಯಿಂದ ಹೊರಬಂದರು. ಅವರ ಪ್ರಾಮಾಣಿಕತೆಯನ್ನು ಯಾರೂ ಪ್ರಶ್ನಿಸಲಾರರು. ಆದರೆ ಯೋಗ್ಯತೆ ಕಲಿಕೆಯಿಂದ ಬೆಳೆಯುತ್ತದೆ, ಕಲಿಕೆಯ ಅವಕಾಶ ಹಂಚಿಕೆಯಾದಂತೆ ಯೋಗ್ಯತೆಯೂ ಹಂಚಿಕೆಯಾಗುತ್ತದೆ ಎಂಬುದನ್ನು ಅರಸ ಈ ವಿಷಯದಲ್ಲಿ ದಿವಾನನಿಗಿಂತ ಮೊದಲು ಗ್ರಹಿಸಿದರೆಂದು ಹೇಳಬೇಕಾಗುತ್ತದೆ. ನಾಯಕತ್ವವನ್ನು ಕಲಿಸಬಹುದೇ ಎಂಬ ಪ್ರಶ್ನೆಯ ಒಳಗೆ ಯಾರಿಗೆ ಕಲಿಸಲಾಯಿತು ಎಂಬ ಇನ್ನೊಂದು ಪ್ರಶ್ನೆ ಯಾವಾಗಲೂ ಕುಳಿತಿರುತ್ತದೆ, ಮತ್ತು ಹುಟ್ಟುಗುಣವೆಂದು ಕೊಂಡಾಡುವ ಎಷ್ಟೋ ಗುಣಗಳು ಹುಟ್ಟಿದ ಮನೆಯಲ್ಲಿ ಸಿಕ್ಕಿದ ಪಾಠಗಳೇ ಆಗಿರುತ್ತವೆ.

ಆ ಪ್ರಶ್ನೆಗೆ ಕರ್ನಾಟಕ ಕೊಟ್ಟ ದೊಡ್ಡ ಉತ್ತರ ಪಂಚಾಯತ್ ರಾಜ್ಯ. ಅಬ್ದುಲ್ ನಜೀರ್ ಸಾಬರು ಸಚಿವರಾಗಿದ್ದಾಗ ರೂಪುಗೊಂಡ ಕಾಯಿದೆಯ ಪ್ರಕಾರ 1987ರಲ್ಲಿ ನಡೆದ ಚುನಾವಣೆಯಲ್ಲಿಯೇ ಮಹಿಳೆಯರಿಗೆ ಶೇ. 25ರಷ್ಟು ಸ್ಥಾನಗಳು ಮೀಸಲಾಗಿದ್ದವು. ಇಂದು ಆ ಪ್ರಮಾಣ ಶೇ. 50. ಆರು ಸಾವಿರದ ಆಸುಪಾಸಿನ ಗ್ರಾಮ ಪಂಚಾಯಿತಿಗಳಲ್ಲಿ ತೊಂಬತ್ತು ಸಾವಿರಕ್ಕೂ ಹೆಚ್ಚು ಸದಸ್ಯರಿದ್ದಾರೆ, ಅವರ ತರಬೇತಿಯ ಹೊಣೆ ಹೊತ್ತ, ನಜೀರ್ ಸಾಬರ ಹೆಸರಿನದೇ ಆದ ಸಂಸ್ಥೆ ಇರುವುದೂ ಮೈಸೂರಿನಲ್ಲಿ. ತರಬೇತಿಯಲ್ಲಿ ಕಾಯಿದೆಯ ಕಲಮುಗಳನ್ನೂ ಅನುದಾನದ ಲೆಕ್ಕವನ್ನೂ ಹೇಳಿಕೊಡುತ್ತಾರೆ. ಅದು ಬೇಕಾದದ್ದೇ, ಆದರೆ ನಿಜವಾದ ಪಾಠ ನಡೆಯುವುದು ಪಂಚಾಯಿತಿ ಕಚೇರಿಯ ಮೇಜಿನ ಮುಂದೆ. ಹೊಸದಾಗಿ ಆಯ್ಕೆಯಾದ ಅಧ್ಯಕ್ಷೆಯ ಮುಂದೆ ನಡಾವಳಿ ಪುಸ್ತಕ, ಅಂದರೆ ಸಭೆಯ ತೀರ್ಮಾನಗಳನ್ನು ದಾಖಲಿಸುವ ಪುಸ್ತಕ, ಬರುತ್ತದೆ; ಪಕ್ಕದ ಕುರ್ಚಿಯಲ್ಲಿ ಗಂಡ ಕುಳಿತಿರುತ್ತಾನೆ, ಸಹಿ ಹಾಕಬೇಕಾದ ಜಾಗವನ್ನು ಯಾರೋ ಬೆರಳಿಟ್ಟು ತೋರಿಸುತ್ತಾರೆ. ‘ಮೊದಲು ಓದಿ ಹೇಳಿ’ ಎಂದು ಆಕೆ ಕೇಳುವ ದಿನದವರೆಗೆ ಆಕೆಯ ಹೆಸರಿನಲ್ಲಿ ಬೇರೆಯವರು ಆಡಳಿತ ನಡೆಸುತ್ತಾರೆ. ಹಾಗೆ ಕೇಳುವ ಧೈರ್ಯ ಬಹುಪಾಲು ಸಂದರ್ಭಗಳಲ್ಲಿ ಬರುವುದು ಪಕ್ಕದ ಪಂಚಾಯಿತಿಯಲ್ಲಿ ಹಾಗೆ ಕೇಳಿದ ಇನ್ನೊಬ್ಬ ಹೆಂಗಸಿನಿಂದ. ಚುನಾಯಿತ ಮಹಿಳೆಯರ ಸುಗ್ರಾಮದಂಥ ಒಕ್ಕೂಟಗಳ ಬೆಲೆ ಇರುವುದು ಇಲ್ಲಿ.

ಇಷ್ಟು ಕಷ್ಟದಿಂದ ಬಂದ ಕಲಿಕೆಯನ್ನು ವ್ಯವಸ್ಥೆಯೇ ಚೆಲ್ಲಿಬಿಡುತ್ತಿದೆ. ಮೀಸಲಾತಿ ಸರದಿಯ ಮೇಲೆ ಬದಲಾಗುವುದರಿಂದ, ಗ್ರಾಮಸಭೆಯನ್ನು ಎದುರಿಸುವುದನ್ನೂ ಕ್ರಿಯಾಯೋಜನೆಯನ್ನು ಪ್ರಶ್ನಿಸುವುದನ್ನೂ ಕಲಿತ ಅಧ್ಯಕ್ಷೆಗೆ ಮುಂದಿನ ಅವಧಿಯಲ್ಲಿ ನಿಲ್ಲಲು ಸ್ಥಾನವೇ ಇಲ್ಲದೆ ಹೋಗುವುದು ಸಾಮಾನ್ಯ, ಮತ್ತು ಅವಳ ಜಾಗಕ್ಕೆ ಬಂದವಳು ಮೊದಲನೆಯ ಪಾಠದಿಂದ ಆರಂಭಿಸಬೇಕಾಗುತ್ತದೆ. ಸರದಿಯನ್ನು ಕೈಬಿಡುವುದು ಇದಕ್ಕೆ ಪರಿಹಾರವಲ್ಲ, ಏಕೆಂದರೆ ಇನ್ನೂ ಅವಕಾಶ ಕಾಣದ ಸಮುದಾಯಗಳ ಬಾಗಿಲು ಆಗ ಮುಚ್ಚುತ್ತದೆ. ಆದರೆ ಅವಧಿ ಮುಗಿಸಿದ ಅಧ್ಯಕ್ಷೆಯನ್ನು ಹೊಸ ಅಧ್ಯಕ್ಷೆಯ ಜೊತೆಗೆ ಮೊದಲ ಕೆಲವು ಸಭೆಗಳಲ್ಲಿ ಗೌರವಧನ ಕೊಟ್ಟು ಕೂರಿಸುವುದಕ್ಕೆ ಅಡ್ಡಿಯೇನೂ ಇಲ್ಲ. ಒಬ್ಬ ಬಾಲರಾಜನಿಗಾಗಿ ಸಮುದ್ರದಾಚೆಯ ಉಪಾಧ್ಯಾಯರನ್ನು ನೇಮಿಸಿಕೊಂಡ ನಾಡಿಗೆ ಆ ಖರ್ಚು ಭಾರವಾಗಲಾರದು.