ಶ್ರೀಪಾದದ ಘಂಟೆ

ಜೀವಮಾನದಲ್ಲಿ ಒಮ್ಮೆ ನೋಡಲೇಬೇಕಾದ ಏಷ್ಯಾದ ತಾಣಗಳೆಂಬ ಪಟ್ಟಿಗಳಲ್ಲಿ ಶ್ರೀಲಂಕಾದ ಶ್ರೀಪಾದ ಪರ್ವತಕ್ಕೆ ಸ್ಥಾನ ತಪ್ಪದು. 2,243 ಮೀಟರ್ ಎತ್ತರ, ಸಾವಿರಾರು ಮೆಟ್ಟಿಲು, ಇರುಳ ಆರೋಹಣ, ಸೂರ್ಯೋದಯ, ಪಡುವಣ ಮಂಜಿನ ಮೇಲೆ ಬೀಳುವ ಬೆಟ್ಟದ ತ್ರಿಕೋನಾಕಾರದ ನೆರಳು. ನನ್ನನ್ನು ಅಲ್ಲಿಗೆ ಎಳೆದದ್ದು ಪಟ್ಟಿಯಲ್ಲ, 14ನೆಯ ಶತಮಾನದಲ್ಲಿ ಇದನ್ನು ಏರಿದ ಇಬ್ನ್ ಬತೂತನ ಪ್ರವಾಸಕಥನ. ಬಂಡೆಗೆ ಬಿಗಿದ ಹತ್ತು ಸರಪಳಿಗಳನ್ನು ಆತ ವರ್ಣಿಸುತ್ತಾನೆ. ಹತ್ತನೆಯದನ್ನು ಹಿಡಿದು ಕೆಳಗೆ ನೋಡಿದವನು ಬೀಳುವ ಭಯದಿಂದ ಧರ್ಮಸಾಕ್ಷ್ಯದ ವಾಕ್ಯವನ್ನು ಉಚ್ಚರಿಸುತ್ತಾನೆ. ಅದರಿಂದಲೇ ಆ ಸರಪಳಿಗೆ ಹೆಸರು ಬಂದಿತಂತೆ.

ಈಗ ನಲ್ಲತಣ್ಣಿಯಿಂದ (ಒಳ್ಳೆಯ ನೀರೆಂಬ ತಮಿಳು ಹೆಸರಿನ ಊರು) ಮೆಟ್ಟಿಲು, ವಿದ್ಯುದ್ದೀಪ, ಚಹಾದಂಗಡಿಗಳಿವೆ. ಐವತ್ತು ದಾಟಿದ ಮೊಣಕಾಲಿಗೆ ಅದೂ ಸುಲಭವಲ್ಲ. ಶಿಖರದ ಹೆಜ್ಜೆಗುರುತು ಬೌದ್ಧರಿಗೆ ಬುದ್ಧನದು, ಹಿಂದೂಗಳಿಗೆ ಶಿವನದು, ಮುಸ್ಲಿಮರಿಗೆ ಆದಮನದು.

ಅಲ್ಲೊಂದು ಘಂಟೆಯಿದೆ. ಬೆಟ್ಟವನ್ನು ಎಷ್ಟು ಸಲ ಏರಿದ್ದೇವೆಯೋ ಅಷ್ಟು ಸಲ ಬಾರಿಸುವುದು ವಾಡಿಕೆ. ಪಟ್ಟಿ ಹಿಡಿದು ಬಂದ ಯುವಕರಂತೆ ನಾನೂ ಒಮ್ಮೆ ಬಾರಿಸಿ ಸರಿದೆ. ಹಿಂದಿದ್ದ, ಬಿಳಿಯುಟ್ಟ ಬರಿಗಾಲಿನ ವೃದ್ಧೆಯೊಬ್ಬರು ಬಾರಿಸತೊಡಗಿದರು. 17ರವರೆಗೆ ಎಣಿಸಿದೆ, ಆಮೇಲಿನದು ಸೂರ್ಯೋದಯದ ಗದ್ದಲದಲ್ಲಿ ಮುಳುಗಿಹೋಯಿತು.