ಹೊಸ ಕಾರಿನ ಗಾಜು ನುಡಿಯುವ ಸಾಕ್ಷ್ಯ

ಹೊಸ ವಾಹನವೊಂದು ಮನೆಯಂಗಳಕ್ಕೆ ಬಂದಾಗ ನಾವು ಅದರ ಬಣ್ಣವನ್ನು ನೋಡುತ್ತೇವೆ, ಆಸನದ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಮುಟ್ಟಿ ನೋಡುತ್ತೇವೆ, ಬಾಗಿಲು ಮುಚ್ಚುವ ಸದ್ದಿಗೆ ಕಿವಿಗೊಡುತ್ತೇವೆ. ಮುಂಭಾಗದ ಗಾಜನ್ನು ಮಾತ್ರ ಯಾರೂ ನೋಡುವುದಿಲ್ಲ. ಗಾಜಿನ ಸ್ವಭಾವವೇ ಹಾಗೆ. ನಾವು ಅದರ ಮೂಲಕ ನೋಡುತ್ತೇವೆಯೇ ಹೊರತು ಅದನ್ನು ನೋಡುವುದಿಲ್ಲ. ಗೀರೋ ಬಿರುಕೋ ಕಾಣಿಸಿಕೊಂಡಾಗಲೇ ಅಲ್ಲೊಂದು ಗಾಜಿದೆಯೆಂಬ ಅರಿವು ಮೂಡುವುದು. ಕಳೆದೊಂದು ವರ್ಷದಲ್ಲಿ ನನ್ನ ಹತ್ತಿರದವರ ಎರಡು ಹೊಸ ಕಾರುಗಳಿಗೆ ಇಂತಹ ಗತಿಯಾಯಿತು. ಒಂದರಲ್ಲಿ ಮಾರಿದವರು ಸತ್ಯವನ್ನು ಮುಚ್ಚಿಟ್ಟರು. ಇನ್ನೊಂದರಲ್ಲಿ ಕೊಂಡವನೇ ಮುಚ್ಚಿಡುವ ಅಂಚಿಗೆ ಬಂದಿದ್ದ. ಮೊದಲನೆಯದನ್ನು ಮೋಸವೆಂದೂ ಎರಡನೆಯದನ್ನು ಜಾಣತನವೆಂದೂ ಕರೆಯುವ ರೂಢಿ ನಮ್ಮಲ್ಲಿ ಬೆಳೆದಿರುವುದರಿಂದ ಎರಡನ್ನೂ ಒಟ್ಟಿಗೇ ಬರೆಯಬೇಕೆನಿಸಿತು.

ಮೊದಲನೆಯದು ನಮ್ಮ ಮದ್ರಸದ ಸಹೋದ್ಯೋಗಿಯೊಬ್ಬರ ಕಾರು. ಮಗ್ರಿಬ್ ನಮಾಝಿನ ನಂತರ ಶೋರೂಮಿನಲ್ಲಿ ಕೀಲಿ ಪಡೆದರು. ಬಣ್ಣದ ರಿಬ್ಬನ್, ಸಿಹಿತಿಂಡಿಯ ಪೊಟ್ಟಣ, ಕುಟುಂಬವನ್ನು ಕಾರಿನ ಮುಂದೆ ನಿಲ್ಲಿಸಿ ತೆಗೆದ ಫೋಟೋ ಎಲ್ಲವೂ ಇತ್ತು. ಮನೆಗೆ ಮರಳುವ ದಾರಿಯಲ್ಲಿ ಎದುರಿನಿಂದ ಬರುವ ವಾಹನಗಳ ಬೆಳಕು ಗಾಜಿನ ಮೇಲೆ ಬಿದ್ದಾಗಲೆಲ್ಲ ಬಿಲ್ಲಿನಾಕಾರದ ಗೆರೆಗಳು ಹೊಳೆಯುತ್ತಿದ್ದವು. ಮರುದಿನ ಸುಬ್ಹಿಯ ನಂತರ ನೋಡಿದರೆ, ವೈಪರ್ ಓಡಾಡುವ ಹಾದಿಯುದ್ದಕ್ಕೂ ಸಣ್ಣ ಗೀರುಗಳು. ನಡುವೆ ಉಗುರು ಸಿಕ್ಕಿಕೊಳ್ಳುವಷ್ಟು ಆಳವಾದ ಒಂದು ಗೀರು. “ಉಸ್ತಾದರೇ, ಇಷ್ಟು ಸಣ್ಣ ವಿಷಯಕ್ಕೆ ಹೋಗಿ ಜಗಳವಾಡಿದರೆ ಜನ ನಗುವುದಿಲ್ಲವೇ?” ಎಂದು ಫೋನ್ ಮಾಡಿ ಕೇಳಿದರು. ಜಗಳ ಬೇಡ, ಆದರೆ ಇಂದೇ ಹೋಗಿ, ನಾಳೆಗೆ ಇಡಬೇಡಿ ಎಂದೆ.

ಕಾರ್ಖಾನೆಯಿಂದ ಹೊರಟ ಕಾರು ನೇರವಾಗಿ ನಮ್ಮ ಕೈಸೇರುವುದಿಲ್ಲ. ಹಲವು ವೇಳೆ ವಾರಗಟ್ಟಲೆ ಬಯಲಿನಲ್ಲಿ ನಿಂತಿರುತ್ತದೆ. ಗಾಜಿನ ಮೇಲೆ ಧೂಳು ಕೂರುತ್ತದೆ. ಆ ಧೂಳಿನಲ್ಲಿರುವ ಮರಳಿನ ಕಣ ಗಾಜಿಗಿಂತ ಗಟ್ಟಿ. ಯಾರೋ ಅವಸರದಲ್ಲಿ ನೀರು ಚಿಮ್ಮಿಸದೆ ವೈಪರ್ ಓಡಿಸುತ್ತಾರೆ, ಇಲ್ಲವೇ ಒಣಬಟ್ಟೆಯಿಂದ ಒರೆಸುತ್ತಾರೆ. ಗೀರು ಬಿತ್ತು. ಶೋರೂಮಿನ ದೀಪಗಳ ಕೆಳಗೆ, ತೊಳೆದು ಹೊಳಪೇರಿಸಿದ ಕಾರಿನಲ್ಲಿ ಅದು ಕಾಣುವುದೇ ಇಲ್ಲ. ತೀರಾ ತೆಳುವಾದ ಗೀರನ್ನು ಸೀರಿಯಂ ಆಕ್ಸೈಡ್ ಎಂಬ ಪುಡಿಯಿಂದ ತಿಕ್ಕಿ ಹೋಗಲಾಡಿಸಬಹುದು. ಆದರೆ ಉಗುರು ಸಿಕ್ಕಿಕೊಳ್ಳುವ ಗೀರನ್ನು ತಿಕ್ಕಿದರೆ ಆ ಜಾಗದಲ್ಲಿ ಗಾಜು ತಗ್ಗಾಗಿ, ಆಚೆಯ ರಸ್ತೆ ನೀರಿನೊಳಗಿನಿಂದ ನೋಡಿದಂತೆ ಅಲುಗುತ್ತದೆ. ಚಾಲಕನ ಕಣ್ಣಿನ ನೇರದಲ್ಲಿ ಇದು ಸಲ್ಲದು. “ಪಾಲಿಶ್ ಮಾಡಿಕೊಡುತ್ತೇವೆ ಸಾರ್” ಎಂಬ ಮಾತಿಗೆ ಎಲ್ಲ ಗೀರುಗಳ ವಿಷಯದಲ್ಲೂ ತಲೆಯಾಡಿಸಬೇಕಾಗಿಲ್ಲ.

ಫತ್ಹುಲ್ ಮುಈನ್ ಓದಿದವರಿಗೆ ಅದರ ಖಿಯಾರ್ ಅಧ್ಯಾಯ ನೆನಪಿರಬಹುದು. ಮಾರಾಟದ ವಸ್ತುವಿನಲ್ಲಿ ಐಬ್, ಅಂದರೆ ದೋಷ ಕಂಡುಬಂದರೆ ಅದನ್ನು ಹಿಂದಿರುಗಿಸುವ ಹಕ್ಕು ಕೊಂಡವನಿಗಿದೆ. ಅಲ್ಲಿ ಬರುವ ಉದಾಹರಣೆಗಳು ಕಚ್ಚುವ ಪ್ರಾಣಿಯದು, ಹಿಡಿತಕ್ಕೆ ಸಿಗದೆ ಓಡುವ ಸವಾರಿಯದು. ಇವು ಇಂದಿನ ಬದುಕಿಗೆ ಏನು ಸಂಬಂಧವೆಂದು ವಿದ್ಯಾರ್ಥಿಗಳು ಕೇಳುವುದುಂಟು. ನೂರಾರು ವರ್ಷಗಳ ಹಿಂದೆ ಜನ ಏರಿ ಹೋಗುತ್ತಿದ್ದ ವಾಹನ ಅದೇ ತಾನೆ! ಮಾರುವ ಮುನ್ನ ಕೆಲವು ದಿನ ಹಾಲು ಕರೆಯದೆ ಬಿಟ್ಟು, ಕೆಚ್ಚಲು ತುಂಬಿರುವಂತೆ ತೋರಿಸುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದ ವಿಷಯವೂ ಅಲ್ಲಿಯೇ ಬರುತ್ತದೆ. ಗೀರು ಬಿದ್ದ ಗಾಜನ್ನು ರಾತ್ರಿಯ ಬೆಳಕಿನಲ್ಲಿ ಹೊಳೆಯಿಸಿ ಕೊಡುವುದು ಅದಕ್ಕಿಂತ ಎಷ್ಟು ದೂರ?

ಅದೇ ಅಧ್ಯಾಯದಲ್ಲಿ ಕೊಂಡವನ ಮೇಲೂ ಹೊಣೆಯಿದೆ. ಶಾಫಿಈ ಮದ್ಹಬಿನ ಪ್ರಕಾರ ದೋಷ ತಿಳಿದ ಕೂಡಲೇ, ರೂಢಿಯಲ್ಲಿ ವಿಳಂಬವೆನಿಸದ ಹಾಗೆ ಹಿಂದಿರುಗಿಸಲು ಹೊರಡಬೇಕು. ತಿಳಿದ ಮೇಲೂ ಆ ವಸ್ತುವನ್ನು ಬಳಸುತ್ತಿದ್ದರೆ ಹಕ್ಕು ಹೋಗುತ್ತದೆ. ಸವಾರಿಯ ಪ್ರಾಣಿಯನ್ನು ಹಗ್ಗ ಹಿಡಿದು ನಡೆಸಿಕೊಂಡು ಹೋಗುವುದು ಕಷ್ಟವಾದರೆ ಮಾತ್ರ, ಹಿಂದಿರುಗಿಸಲು ಹೋಗುವಾಗ ಏರಿ ಹೋಗಬಹುದು. ನನ್ನ ಸಹೋದ್ಯೋಗಿ ಆ ರಿಯಾಯಿತಿಯನ್ನೇ ಬಳಸಿಕೊಂಡು ಕಾರನ್ನು ನೇರ ಶೋರೂಮಿಗೆ ಓಡಿಸಿದರು. “ನೀವೇ ವೈಪರ್ ಓಡಿಸಿರಬೇಕು” ಎಂಬುದು ಅಲ್ಲಿನವರ ಮೊದಲ ಉತ್ತರ. ಆದರೆ ಹಿಂದಿನ ರಾತ್ರಿ ಅವರದೇ ಛಾಯಾಗ್ರಾಹಕ ತೆಗೆದ ಫೋಟೋದಲ್ಲಿ, ಮಕ್ಕಳ ತಲೆಯ ಮೇಲ್ಭಾಗದಲ್ಲಿ, ಫ್ಲ್ಯಾಶ್ ಬೆಳಕಿಗೆ ಆ ಬಿಲ್ಲು ಸ್ಪಷ್ಟವಾಗಿ ಮೂಡಿತ್ತು. ಎರಡು ವಾರದೊಳಗೆ ಗಾಜು ಬದಲಾಯಿತು.

ಎಲ್ಲರಿಗೂ ಅಂತಹ ಫೋಟೋ ಸಿಗುವುದಿಲ್ಲ. ದೋಷ ಹಳೆಯದೋ ಹೊಸದೋ ಎಂದು ವಿವಾದವಾದರೆ, ಮಾರಿದವನ ಮಾತನ್ನು ಪ್ರಮಾಣ ಮಾಡಿಸಿ ಒಪ್ಪಬೇಕೆಂದು ನಮ್ಮ ಫಿಕ್ಹ್ ಗ್ರಂಥಗಳು ಹೇಳುತ್ತವೆ. ಆದ್ದರಿಂದ ಹಗಲಿನಲ್ಲಿಯೇ ಡೆಲಿವರಿ ಪಡೆಯಿರಿ. ಗಾಜನ್ನು ಹೊರಗಿನಿಂದಲೂ ಒಳಗಿನಿಂದಲೂ ಓರೆಯಾಗಿ ನೋಡಿ. ನಾಲ್ಕು ಮೂಲೆಗಳನ್ನು ಬಿಡಬೇಡಿ. ಮೂಲೆಯಲ್ಲಿ ಅಚ್ಚಾಗಿರುವ ತಯಾರಕರ ಗುರುತು ಉಳಿದ ಗಾಜುಗಳ ಗುರುತಿಗಿಂತ ಬೇರೆಯಾಗಿದ್ದರೆ ಕಾರಣ ಕೇಳಿ. ಏನಾದರೂ ಕಂಡರೆ ಸಹಿ ಹಾಕುವ ಮುನ್ನ ಅದೇ ಕಾಗದದಲ್ಲಿ ಬರೆಸಿ, ಫೋಟೋ ತೆಗೆದುಕೊಳ್ಳಿ. ಆಮೇಲೂ ಕೇಳದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿದೆ, 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಿದೆ, ಜಿಲ್ಲಾ ಗ್ರಾಹಕ ಆಯೋಗವಿದೆ.

ಇನ್ನು ಎರಡನೆಯ ಕಾರು. ಅದು ನನ್ನ ತಂಗಿಯ ಮಗನದು. ಕಾರು ಕೊಂಡ ಒಂಬತ್ತನೆಯ ದಿನ ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದು ಬರುತ್ತಿದ್ದಾಗ, ಮುಂದೆ ಹೋಗುತ್ತಿದ್ದ ಟಿಪ್ಪರಿನ ಚಕ್ರದಡಿಯಿಂದ ಜಲ್ಲಿಕಲ್ಲೊಂದು ಹಾರಿ ಗಾಜಿಗೆ ಬಡಿಯಿತು. ತೊಗರಿಬೇಳೆಯಷ್ಟೇ ಗಾತ್ರದ ಗುರುತು. ಇರಲಿ ಬಿಡು ಎಂದುಕೊಂಡ. ಎರಡು ದಿನಗಳ ನಂತರ ನಡುಮಧ್ಯಾಹ್ನ, ಬಿಸಿಲಿನಲ್ಲಿ ನಿಂತು ಕಾದಿದ್ದ ಕಾರಿಗೆ ಹತ್ತಿ ಏಸಿಯನ್ನು ಪೂರ್ತಿ ಹಾಕಿದ. ಅವನ ಕಣ್ಣೆದುರೇ ಬೇಳೆಯಿಂದ ಬಿರುಕೊಂದು ಹೊರಟು ಗೇಣುದ್ದ ಓಡಿತು.

ಕಾರಿನ ಮುಂಗಾಜು ಒಂದೇ ಹಾಳೆಯಲ್ಲ. ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ಕಿನ ತೆಳುಪದರವಿಟ್ಟು ಬೆಸೆದದ್ದು. ಇದರ ಮೂಲ 1903ರಲ್ಲಿದೆ. ಎಡ್ವಾರ್ ಬೆನೆಡಿಕ್ಟಸ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞರ ಪ್ರಯೋಗಾಲಯದಲ್ಲಿ ಗಾಜಿನ ಪಾತ್ರೆಯೊಂದು ಕೆಳಗೆ ಬಿತ್ತು. ಒಡೆದರೂ ಚೂರುಗಳು ಚೆದುರಲಿಲ್ಲ. ಒಳಗೆ ಒಣಗಿ ಅಂಟಿದ್ದ ಸೆಲ್ಯುಲೋಸ್ ನೈಟ್ರೇಟಿನ ಪೊರೆ ಅವನ್ನು ಹಿಡಿದಿಟ್ಟಿತ್ತು. ಪಕ್ಕದ ಕಿಟಕಿಗಳ ಗಾಜು ಒಡೆದಾಗ ಕಲ್ಲುಸಕ್ಕರೆಯಂತೆ ಪುಡಿಯಾಗಿ ಉದುರುವುದೂ ಮುಂಗಾಜು ಒಡೆದರೂ ನಮ್ಮ ಮುಖದ ಮೇಲೆ ಬೀಳದಿರುವುದೂ ಈ ವ್ಯತ್ಯಾಸದಿಂದ. ಕಲ್ಲು ತಾಗಿದಾಗ ಸಾಮಾನ್ಯವಾಗಿ ಹೊರಗಿನ ಹಾಳೆಗಷ್ಟೇ ಪೆಟ್ಟು. ಗುರುತು ಬೇಳೆಯಷ್ಟಿರುವಾಗಲೇ ಪಾರದರ್ಶಕ ಟೇಪ್ ಅಂಟಿಸಿ ಧೂಳು, ನೀರು ಇಳಿಯದಂತೆ ನೋಡಿಕೊಂಡು ಗಾಜಿನ ಕೆಲಸದವರ ಬಳಿ ಹೋದರೆ, ಅವರು ಅದರೊಳಕ್ಕೆ ರಾಳ ತುಂಬಿ ಅತಿನೇರಳೆ ಬೆಳಕಿನಿಂದ ಗಟ್ಟಿ ಮಾಡುತ್ತಾರೆ. ಗೇಣುದ್ದ ಓಡಿದ ಬಿರುಕಿಗೆ, ಅದರಲ್ಲೂ ಅಂಚು ಮುಟ್ಟಿದ ಅಥವಾ ಚಾಲಕನ ಕಣ್ಣಿಗೆ ಅಡ್ಡವಾದ ಬಿರುಕಿಗೆ, ಗಾಜು ಬದಲಿಸುವುದೇ ದಾರಿ. ಬಿಸಿಯಾದ ಗಾಜಿಗೆ ತಣ್ಣನೆಯ ಗಾಳಿಯನ್ನು ಒಮ್ಮೆಲೇ ಹಾಯಿಸುವುದು, ಗುಂಡಿಗಳಲ್ಲಿ ಎಗರಿಸುವುದು ಬಿರುಕಿಗೆ ದಾರಿ ತೋರಿಸಿದಂತೆ.

ಪೇಟೆಯ ಗೆಳೆಯರು ಅವನಿಗೆ ಸುಲಭದ ಉಪಾಯ ಹೇಳಿಕೊಟ್ಟಿದ್ದರು. ಕಾರು ಬಂದು ಎರಡು ವಾರವೂ ಆಗಿಲ್ಲ, ಡೆಲಿವರಿಯಲ್ಲೇ ಹೀಗಿತ್ತು ಎಂದುಬಿಡು. ಆ ರಾತ್ರಿ ನನ್ನ ಬಳಿ ಬಂದವನು, “ಮಾಮ, ಅವರು ನನ್ನಿಂದ ಲಕ್ಷಗಟ್ಟಲೆ ತೆಗೆದುಕೊಂಡಿದ್ದಾರೆ. ಒಂದು ಗಾಜು ಅವರಿಗೆ ಲೆಕ್ಕವೇ? ವಿಮೆಗೆ ಹೋದರೆ ನನ್ನ ಬೋನಸ್ ಹೋಗುತ್ತದೆ” ಎಂದ. ಅವನು ಕೇಳಲು ಬಂದದ್ದು ವಿಧಿಯನ್ನಲ್ಲ, ಅನುಮತಿಯನ್ನು. ಉಸ್ತಾದರ ಮನೆಗೆ ಬರುವ ಅರ್ಧದಷ್ಟು ಪ್ರಶ್ನೆಗಳು ಇಂತಹವೇ.

ನಾನು ಅವನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, ಜೇಬಿನ ಪೆನ್ನಿನ ತುದಿಯನ್ನು ಬಿರುಕಿನುದ್ದಕ್ಕೂ ಮೆಲ್ಲಗೆ ಎಳೆಯಲು ಹೇಳಿದೆ. ಬೇಳೆ ಇದ್ದಲ್ಲಿ ತುದಿ ಸಣ್ಣ ಗುಳಿಗೆ ಇಳಿದು ನಿಂತಿತು. ಕಲ್ಲು ತಾಗಿದ ಗಾಜಿನಲ್ಲಿ ಈ ಗುಳಿ ಇರುತ್ತದೆ. ಗಾಜಿನಲ್ಲೋ ಅದನ್ನು ಕೂರಿಸಿದ ರೀತಿಯಲ್ಲೋ ದೋಷವಿದ್ದು ತಾನಾಗಿ ಬಿಟ್ಟ ಬಿರುಕು ಹೆಚ್ಚಾಗಿ ಅಂಚಿನಿಂದ ಹೊರಡುತ್ತದೆ. ಅದರಲ್ಲಿ ಪೆಟ್ಟಿನ ಗುಳಿ ಕಾಣದು. ಅಂತಹದ್ದಾದರೆ ತಿಂಗಳು ಕಳೆದ ಮೇಲೆ ಕಾಣಿಸಿಕೊಂಡರೂ ವಾರಂಟಿಯಲ್ಲಿ ಧೈರ್ಯವಾಗಿ ಕೇಳಬೇಕು. ಫಿಕ್ಹ್ ಕೂಡ ಇದೇ ಗೆರೆಯನ್ನು ಎಳೆದಿದೆ: ವಸ್ತು ಕೊಂಡವನ ವಶಕ್ಕೆ ಬಂದ ಮೇಲೆ ಉಂಟಾದ ದೋಷ ಕೊಂಡವನದು, ಅದರ ಕಾರಣ ಮೊದಲೇ ಇದ್ದರೆ ಮಾತ್ರ ಮಾರಿದವನದು. “ನೀನು ಸುಳ್ಳು ಹೇಳಿದರೂ ಈ ಗುಳಿ ಹೇಳುವುದಿಲ್ಲ” ಎಂದೆ.

ಆದರೂ ಸಿಕ್ಕಿಬೀಳುವ ಭಯದಿಂದ ಅವನು ಸತ್ಯ ಹೇಳುವುದು ನನಗೆ ಬೇಕಿರಲಿಲ್ಲ. ಡೆಲಿವರಿಗೆ ಮುನ್ನ ಕಾರನ್ನು ಪರೀಕ್ಷಿಸಿ ಕಾಗದಕ್ಕೆ ಸಹಿ ಹಾಕುವ ಹುಡುಗನೊಬ್ಬನಿರುತ್ತಾನೆ. ಗಾಜು ಮೊದಲೇ ಒಡೆದಿತ್ತೆಂದರೆ ಮೇಲಿನವರು ಮೊದಲು ಕರೆಯುವುದು ಅವನನ್ನು. ಲಕ್ಷಗಟ್ಟಲೆ ತೆಗೆದುಕೊಂಡದ್ದು ಕಂಪನಿ. ಉತ್ತರ ಕೊಡಬೇಕಾದದ್ದು ತಿಂಗಳ ಸಂಬಳದ ಆ ಹುಡುಗ. ನನ್ನ ಬಳಿ ಅಲಿಫ್ ಬಾ ಕಲಿತ ಇಬ್ಬರು ಈಗ ಅಂತಹ ಕೆಲಸದಲ್ಲಿದ್ದಾರೆ. ಇದನ್ನು ಹೇಳಿದಾಗ ನನ್ನ ಸೋದರಳಿಯ ಮೊದಲ ಬಾರಿಗೆ ಸುಮ್ಮನಾದ.

ಮದೀನಾದ ಮಾರುಕಟ್ಟೆಯಲ್ಲಿ ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಳಗೆ ಕೈಯಿಟ್ಟು, ಒಳಗೆ ತೇವವಿರುವುದನ್ನು ಕಂಡು, ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲೆ ಇಡಬಾರದಿತ್ತೇ ಎಂದು ವ್ಯಾಪಾರಿಯನ್ನು ಪ್ರಶ್ನಿಸಿದ ಘಟನೆಯನ್ನು ನಾವು ಮಿಂಬರುಗಳಲ್ಲಿ ಪದೇ ಪದೇ ಕೇಳಿದ್ದೇವೆ. ಹಕೀಮ್ ಬಿನ್ ಹಿಝಾಮ್(ರ) ವರದಿ ಮಾಡಿದ ಹದೀಸನ್ನು ಅಷ್ಟು ಕೇಳುವುದಿಲ್ಲ. ಅದರಲ್ಲಿ ಸತ್ಯ ನುಡಿಯಬೇಕಾದವರು, ಮರೆಮಾಚಬಾರದವರು ಇಬ್ಬರು: ಮಾರುವವನೂ ಕೊಳ್ಳುವವನೂ. ವ್ಯಾಪಾರದ ಬರಕತ್ತು ಇಬ್ಬರ ನಾಲಿಗೆಗೂ ಕಟ್ಟಲ್ಪಟ್ಟಿದೆ.

ವಿಮೆಯ ಧಾರ್ಮಿಕ ವಿಧಿಯ ಕುರಿತು ಉಲಮಾಗಳ ನಡುವಿನ ಚರ್ಚೆ ಬೇರೆಯೇ ವಿಷಯ. ಪಾಲಿಸಿ ಮಾಡಿಸಿಕೊಂಡ ಮೇಲೆ ಅದರ ಅರ್ಜಿಯಲ್ಲಿ ಬರೆಯುವ ಮಾತು ಸತ್ಯವಾಗಿರಬೇಕೆಂಬುದರಲ್ಲಿ ಚರ್ಚೆಯಿಲ್ಲ. ಕುಳಿತು ಲೆಕ್ಕ ಹಾಕಿದೆವು. ನಮ್ಮ ದೇಶದ ಸಾಮಾನ್ಯ ಸಮಗ್ರ ಕಾರು ವಿಮೆಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇಕಡಾ 50 ಸವಕಳಿ ಕಳೆಯುತ್ತಾರೆ. ಗಾಜಿಗೆ ಸವಕಳಿಯೇ ಇಲ್ಲ. 1500 ಸಿಸಿಯವರೆಗಿನ ಕಾರಿಗೆ ಕಡ್ಡಾಯವಾಗಿ ನಾವು ಭರಿಸಬೇಕಾದ ಪಾಲು 1000 ರೂಪಾಯಿ. ಹೋಗುವುದು ಮುಂದಿನ ನವೀಕರಣದಲ್ಲಿ ಸಿಗಬೇಕಿದ್ದ ಶೇಕಡಾ 20ರ ನೋ ಕ್ಲೈಮ್ ಬೋನಸ್. ಅದು ಸ್ವಂತ ಹಾನಿಯ ಕಂತಿನಲ್ಲಿ ಮಾತ್ರ ಸಿಗುವ ರಿಯಾಯಿತಿ, ಇಡೀ ಕಂತಿನಲ್ಲಲ್ಲ. ಗಾಜಿನ ಬೆಲೆ ಈ ನಷ್ಟಕ್ಕೆ ಹತ್ತಿರವಿದ್ದರೆ ಕೈಯಿಂದ ಕೊಡುವುದೇ ಮೇಲು. ಅವನ ಕಾರಿನ ಗಾಜು ಅದಕ್ಕಿಂತ ಬಹಳ ದುಬಾರಿಯಾಗಿತ್ತು.

ಹಾನಿ ಹೇಗಾಯಿತೆಂಬ ಅಂಕಣದಲ್ಲಿ ಅವನು ಶಿರಾಡಿ ಘಾಟಿಯನ್ನೂ ಟಿಪ್ಪರನ್ನೂ ದಿನಾಂಕವನ್ನೂ ಬರೆದ. ಬಂದ ಸರ್ವೇಯರ್ ಕೂಡ ಪೆನ್ನಿನ ತುದಿಯನ್ನು ಬಿರುಕಿನ ಮೇಲೆ ಎಳೆದು, ಗುಳಿಯ ಬಳಿ ನಿಲ್ಲಿಸಿ, ಬೇರೇನೂ ಕೇಳದೆ ಸಹಿ ಹಾಕಿದರಂತೆ. ಹೊಸ ಗಾಜು ಕೂರಿಸಿದ ಸಂಜೆ ಅವನು ಫೋನ್ ಮಾಡಿದ: ಅಂಚಿಗೆ ಹಚ್ಚಿದ ಟೇಪನ್ನು ನಾಳೆಯವರೆಗೆ ಕೀಳಬೇಡಿ, ಬಾಗಿಲನ್ನು ಜೋರಾಗಿ ಹಾಕಬೇಡಿ ಎಂದಿದ್ದಾರೆ, ಗಾಜಿಗೂ ಬಾಗಿಲಿಗೂ ಏನು ಸಂಬಂಧ ಮಾಮ? ಅಂಟು ಇನ್ನೂ ಗಟ್ಟಿಯಾಗಿಲ್ಲ, ಮುಚ್ಚಿದ ಕಾರಿನ ಬಾಗಿಲು ಬಡಿದರೆ ಒಳಗಿನ ಗಾಳಿ ಗಾಜನ್ನು ಹೊರಕ್ಕೆ ತಳ್ಳುತ್ತದೆ, ಒಂದು ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿಡು ಎಂದೆ.