ಮೀಟರಿನ ಲೆಕ್ಕ, ಚಕ್ರದ ಲೆಕ್ಕ

ಜಿಗಣಿಯಂಥ ಊರಿನಲ್ಲಿ ಅನೇಕರಿಗೆ ಕಾರೆಂದರೆ ಶೋಕಿಯಲ್ಲ, ದುಡಿಮೆಯ ಜೊತೆಗಾರ. ಗ್ರಾನೈಟ್ ಕಾರ್ಖಾನೆಗಳಿಗೆ ಪಾಲಿಶ್ ಸಾಮಾನು ಒದಗಿಸುವ ಸಣ್ಣ ವ್ಯಾಪಾರಿಯೊಬ್ಬರ ಬಳಿ ಹಳೆಯ ಆಲ್ಟೋ 800 ಇತ್ತು. ಕಲ್ಲಿನ ಲಾರಿಗಳು ಓಡಾಡುವ ಹಾದಿಯಲ್ಲಿ ಕಾರಿನ ಹೊಟ್ಟೆ ಹಂಪಿಗೆ ತಗಲುತ್ತದೆಂದು ಅವರು 12 ಅಂಗುಲದ ಚಕ್ರ ತೆಗೆಸಿ 13 ಅಂಗುಲದ್ದನ್ನು ಹಾಕಿಸಿದರು. ಲೀಟರಿಗೆ 18 ಕಿಲೋಮೀಟರ್ ಬರುತ್ತಿದ್ದ ಮೈಲೇಜ್ ಹದಿನಾರೂವರೆಗೆ ಇಳಿಯಿತು. ಅನುಮಾನ ಹೋದದ್ದು ಬಂಕಿನ ಹುಡುಗನ ಮೇಲೆ. ನಾಲ್ಕು ಜನರ ಎದುರು ಅವನನ್ನು ಬೈದೂ ಬಂದರು.

ಎಸ್ಸೆಸ್ಸೆಲ್ಸಿ ಓದುವ ಮಗಳು, “ಅಪ್ಪಾ, ಸ್ಟೆಪ್ನಿ ಇನ್ನೂ ಹಳೇ ಸೈಜಿಂದೇ ಅಲ್ವಾ?” ಎಂದಳು. ಅದರ ಮೇಲೆ 145/80 ಆರ್ 12 ಎಂದಿತ್ತು. 145 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಪಕ್ಕದ ಗೋಡೆಯ ಎತ್ತರ ಅದರ ನೂರಕ್ಕೆ 80 ಭಾಗ, ಅಂದರೆ 116. ಆರ್ ಎಂದರೆ ರಿಮ್ ಅಲ್ಲ, ರೇಡಿಯಲ್. 12 ಎಂಬುದು ರಿಮ್ಮಿನ ಅಂಗುಲ. ಹೊಸದರಲ್ಲಿ ಬದಲಾದದ್ದು ಕೊನೆಯ ಅಂಕಿ ಮಾತ್ರ. ಸುತ್ತಳತೆ ಲೆಕ್ಕ ಹಾಕಿದರೆ ಹಳೆಯದು ಸುಮಾರು 169 ಸೆಂಟಿಮೀಟರ್, ಹೊಸದು 177.

ಕಾರಿನ ಮೀಟರು ರಸ್ತೆಯನ್ನು ಅಳೆಯುವುದಿಲ್ಲ, ಸುತ್ತುಗಳನ್ನು ಎಣಿಸುತ್ತದೆ. ಒಂದು ಸುತ್ತಿಗೆ 8 ಸೆಂಟಿಮೀಟರ್ ಹೆಚ್ಚು ಸಾಗಿದ್ದು ಅದಕ್ಕೆ ತಿಳಿಯದು. ಅದು 100 ಎಂದಾಗ ಕಾರು ಓಡಿರುವುದು ಸುಮಾರು 104.7 ಕಿಲೋಮೀಟರ್. ಭಾನುವಾರ ತಂದೆ ಮಗಳು ಬೊಮ್ಮಸಂದ್ರದಿಂದ ಹೊಸೂರು ರಸ್ತೆ ಹಿಡಿದು ಕಿಲೋಮೀಟರ್ ಕಲ್ಲುಗಳನ್ನು ಎಣಿಸಿದರು. ಹತ್ತು ಕಿಲೋಮೀಟರ್ ಕಳೆದಾಗ ಮೀಟರು ಏರಿದ್ದು ಸುಮಾರು ಒಂಬತ್ತೂವರೆ.

ಹಾಗಾದರೆ ನಿಜವಾದ ಮೈಲೇಜ್ 17.3. ಹೋಯಿತೆಂದುಕೊಂಡ ಒಂದೂವರೆಯಲ್ಲಿ ಅರ್ಧ ಬರೀ ಎಣಿಕೆಯ ತಪ್ಪು. ಉಳಿದರ್ಧ? ದೊಡ್ಡ ಚಕ್ರ ಭಾರ. ನಿಂತು ನಿಂತು ಹೊರಡುವ ಜಿಗಣಿಯ ಟ್ರಾಫಿಕ್ಕಿನಲ್ಲಿ ಅದನ್ನು ಪ್ರತಿ ಸಲ ತಿರುಗಿಸಲು ಎಂಜಿನ್ ಹೆಚ್ಚು ದುಡಿಯಬೇಕು. ಗೇರ್ ಸೈಕಲ್ಲನ್ನು ಮೇಲಿನ ಗೇರಿನಲ್ಲೇ ತುಳಿದು ಹೊರಡುವ ಕಷ್ಟವನ್ನು ಮಕ್ಕಳು ಬಲ್ಲರು. ಬಯಲು ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡುವಾಗ ಎಂಜಿನ್ ನಿಧಾನವಾಗಿ ತಿರುಗುವುದರಿಂದ ಈ ನಷ್ಟ ಕಡಿಮೆಯಾದೀತು.

ಮರುದಿನ ಅವರು ಬಂಕಿಗೆ ಹೋಗಿ, “ತಪ್ಪು ನಂದೇ ಕಣಪ್ಪ” ಎಂದರು. ಹುಡುಗ ನಕ್ಕು ಟ್ಯಾಂಕಿನ ಮುಚ್ಚಳ ತೆಗೆದ.

ಪೆಟ್ರೋಲಿಗಿಂತ ದೊಡ್ಡ ಮಾತು ಇನ್ನೊಂದಿದೆ. ವೇಗ ತೋರಿಸುವ ಮುಳ್ಳೂ ಅದೇ ಸುತ್ತುಗಳನ್ನು ನಂಬಿದೆ. ಅದು 60 ತೋರಿಸಿದಾಗ ಈ ಕಾರು ಮೊದಲಿಗಿಂತ ಸುಮಾರು 3 ಕಿಲೋಮೀಟರ್ ಹೆಚ್ಚು ವೇಗದಲ್ಲಿರುತ್ತದೆ. ಟೈರು ಸವೆದಾಗ ಸುತ್ತಳತೆ ಕುಗ್ಗಿ ಲೆಕ್ಕ ಉಲ್ಟಾ ಆಗುತ್ತದೆ. ಮೀಟರು ಇದ್ದದ್ದಕ್ಕಿಂತ ಹೆಚ್ಚು ಹೇಳುತ್ತದೆ. ಟೈರು ಕೊಳ್ಳುವ ಮುನ್ನ ಕಾರಿನ ಕೈಪಿಡಿಯಲ್ಲಿ ಹೇಳಿದ ಅಳತೆ ನೋಡಿಕೊಳ್ಳುವುದು ಲೇಸು. ಗಾಳಿಯನ್ನು ತಿಂಗಳಿಗೊಮ್ಮೆಯಾದರೂ ನೋಡಿಸಬೇಕು. ಗಾಳಿ ಇಳಿದ ಟೈರು ಯಾವ ಸೈಜಿನದಾದರೂ ಪೆಟ್ರೋಲ್ ಕುಡಿಯುತ್ತದೆ.